ರಜೆಗೆ ಸಾಲ ಬೇಡ, ಕಳ್ಳೇಕಾಯಿ ಸಾಕು

‘ಅಕ್ಕಾ, ದಸರಾ ರಜೆ ಅಂದ್ರೆ ಎಲ್ಲರಿಗೂ ಖುಷಿ, ನನಗೆ ಮಾತ್ರ ಎದೆ ಡವಡವ. ಮಕ್ಕಳಿಬ್ಬರೂ ಮನೇಲಿರ್ತಾರೆ. ಪಕ್ಕದ ಮನೆಯವರು ಮೈಸೂರಿಗೆ ಹೊರಟ್ರು, ನಾವೆಲ್ಲಿಗೆ ಹೋಗೋದು ಅಂತ ಕೇಳ್ತಾರೆ. ಅದಾದ ಮೇಲೆ ದೀಪಾವಳಿ, ಪಟಾಕಿ ಬೇಕು. ನಮ್ಮ ಚರ್ಚ್‌ನಲ್ಲಿ ಸುಗ್ಗಿ ಹಬ್ಬ, ಹರಾಜಿನಲ್ಲಿ ಏನಾದ್ರೂ ಕೂಗಲೇಬೇಕು. ಅಷ್ಟರಲ್ಲಿ ಕ್ರಿಸ್‌ಮಸ್ ಬಂದೇ ಬಿಡುತ್ತೆ. ಹೋದ ವರ್ಷ ಕ್ರಿಸ್‌ಮಸ್‌ಗೆ ಅಂತ ತೆಗೆದ ಸಂಘದ ಸಾಲವೇ ಇನ್ನೂ ತೀರಿಲ್ಲ. ಮನೆಯವರು ಬೆಂಗಳೂರಲ್ಲಿ ಗಾರೆ ಕೆಲಸ, ಹದಿನೈದು ದಿನಕ್ಕೊಮ್ಮೆ ಬರ್ತಾರೆ. ದೇವರ ಮಕ್ಕಳು ಸಂತೋಷವಾಗಿರಬೇಕು ಅಂತಾರೆ, ಆ ಸಂತೋಷಕ್ಕೆ ದುಡ್ಡು ಎಲ್ಲಿಂದ ತರೋದು?’

ಹೆಸರು ಬೇಡ, ಪಾವಗಡದ ಕಡೆಯವಳು ಅಂತ ಬರೆದರೆ ಸಾಕು ಎಂದು ಈ ಸೋದರಿ ಕೇಳಿಕೊಂಡಿದ್ದಾರೆ. ಹಾಗೇ ಆಗಲಿ. ನಮ್ಮ ಓದುಗರಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಈ ವಾರದ ಮಾತು ಒಂದು ಕ್ರೈಸ್ತ ಕುಟುಂಬದ್ದು. ಆದರೆ ಸಾಲಕ್ಕೆ ಜಾತಿಯೂ ಇಲ್ಲ, ಧರ್ಮವೂ ಇಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಮನೆಯ ಬಾಗಿಲು ತಟ್ಟಿದರೂ ಇದೇ ಮಾತು ಬೇರೆ ಹಬ್ಬದ ಹೆಸರಿನಲ್ಲಿ ಕೇಳಿಸುತ್ತದೆ, ಅಲ್ಲವೇ?

ತಂಗೀ, ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುವ ಮುಂಚೆ ಒಂದು ಲೆಕ್ಕ ನೋಡಿಬಿಡೋಣ.

ಕಂತು ಮುಗಿಯೋ ಹೊತ್ತಿಗೆ ಮತ್ತೊಂದು ಹಬ್ಬ

30,000 ರೂಪಾಯಿ ಸಾಲ ತೆಗೆದು ವಾರಕ್ಕೆ 700 ರೂಪಾಯಿಯಂತೆ 50 ವಾರ ಕಟ್ಟಿದರೆ ಒಟ್ಟು ಎಷ್ಟಾಯಿತು? 35,000. ಅಂದರೆ ಹಬ್ಬದ ಒಂದು ದಿನದ ಸಡಗರಕ್ಕೆ ಮೇಲಿನ 5,000 ದಂಡ. ಅದಕ್ಕಿಂತ ದೊಡ್ಡ ದಂಡ ಇನ್ನೊಂದಿದೆ. ಐವತ್ತು ವಾರ ಅಂದರೆ ಹೆಚ್ಚೂಕಮ್ಮಿ ಒಂದು ವರ್ಷ. ಕೊನೇ ಕಂತು ಕಟ್ಟುವಾಗ ಮುಂದಿನ ಕ್ರಿಸ್‌ಮಸ್ ಬಾಗಿಲಲ್ಲಿ ನಿಂತಿರುತ್ತದೆ. ‘ಹಳೇದು ಮುಗೀತಲ್ಲ, ಹೊಸದು ತಗೋ’ ಅಂತ ಸಂಘದವರೂ ಹೇಳುತ್ತಾರೆ, ನಮ್ಮ ಮನಸ್ಸೂ ಹೇಳುತ್ತದೆ. ಹೀಗೆ ವರ್ಷವಿಡೀ ಕಂತಿನ ವಾರದ ಲೆಕ್ಕದಲ್ಲೇ ಬದುಕುತ್ತೇವೆ.

ಸಾಲ ತಂದು ಮಕ್ಕಳ ಆಸ್ಪತ್ರೆಗೆ ಕೊಟ್ಟರೆ, ಹಸು ಕಟ್ಟಿದರೆ, ಹೊಲಿಗೆ ಯಂತ್ರ ಕೊಂಡರೆ ಅದರ ಮಾತು ಬೇರೆ. ಸಡಗರಕ್ಕೆ ಸಾಲ ಬೇಡ. ಇದೊಂದನ್ನು ಈ ವರ್ಷ ಗಟ್ಟಿ ಮನಸ್ಸು ಮಾಡಿ ಹಿಡಿಯಿರಿ. ಈಗಾಗಲೇ ಇರುವ ಸಾಲಕ್ಕೆ ಯಾರಾದರೂ ಮನೆ ಮುಂದೆ ಬಂದು ಕೂಗಾಡಿದರೆ, ಬೆದರಿಸಿದರೆ ಸುಮ್ಮನೆ ಸಹಿಸಿಕೊಳ್ಳಬೇಕಾಗಿಲ್ಲ. ಕಿರು ಸಾಲ ವಸೂಲಿಯಲ್ಲಿ ಬಲವಂತ ಮಾಡುವುದನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಇದು ಗೊತ್ತಿದ್ದರೇ ಅರ್ಧ ಧೈರ್ಯ.

ಇನ್ನು ಸಂತೋಷದ ಮಾತಿಗೆ ಬರೋಣ.

ನಮ್ಮ ಕಾಲ, ಬೈಬಲ್ಲಿನ ಕಾಲ

ಅಕ್ಟೋಬರ್, ನವೆಂಬರ್ ಅಂದರೆ ನಮ್ಮ ಆಶ್ವಯುಜ, ಕಾರ್ತಿಕ. ಶರದೃತು. ನಮ್ಮ ಒಣ ಸೀಮೆಗೆ ಒಳ್ಳೆಯ ಮಳೆ ಬರುವುದೇ ಹೆಚ್ಚಾಗಿ ಮುಂಗಾರಿನ ಕೊನೆಯಲ್ಲಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಮುಂಗಾರಿಗೆ ಬಿತ್ತಿದ ಕಳ್ಳೇಕಾಯಿ ಕೀಳುವ ಕಾಲ ಇದು. ರಾಗಿ ತೆನೆ ಕಟ್ಟುವ ಕಾಲ. ಬೆಟ್ಟದ ಸೀತಾಫಲ ಬುಟ್ಟಿಯಲ್ಲಿ ಬಸ್‌ಸ್ಟ್ಯಾಂಡಿಗೆ ಬರುವ ಕಾಲ. ವರ್ಷದಲ್ಲಿ ಬಿಸಿಲೂ ಹದ, ಗಾಳಿಯೂ ಹದ ಇರುವ ದಿನಗಳು. ಇಷ್ಟು ಇದ್ದಮೇಲೆ ಸಂತೋಷಕ್ಕೆ ಮೈಸೂರಿಗೇ ಹೋಗಬೇಕೇ?

ಬೈಬಲ್ ಓದುವ ಮನೆಯವರಿಗೆ ಒಂದು ಸಂಗತಿ ನೆನಪಿಸುತ್ತೇವೆ. ಹಳೇ ಒಡಂಬಡಿಕೆಯ ದೊಡ್ಡ ಸುಗ್ಗಿ ಹಬ್ಬ ಬರುವುದೂ ಇದೇ ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ. ಅದೇ ಪರ್ಣಶಾಲೆಗಳ ಜಾತ್ರೆ. ಯಾಜಕಕಾಂಡದ 23ನೇ ಅಧ್ಯಾಯದಲ್ಲಿದೆ. ಏಳು ದಿನ ಮನೆ ಬಿಟ್ಟು ಸೊಪ್ಪುಸದೆಯ ಗುಡಿಸಲಿನಲ್ಲಿ ಇರಬೇಕು. ಯಾಕೆ ಗೊತ್ತೇ? ಹಿಂದೊಮ್ಮೆ ನಾವೂ ಮನೆಯಿಲ್ಲದೆ ಅಲೆದವರು ಅನ್ನುವುದು ಮಕ್ಕಳಿಗೆ ಮರೆಯಬಾರದು ಅಂತ. ಧರ್ಮೋಪದೇಶಕಾಂಡದ 16ನೇ ಅಧ್ಯಾಯ ಓದಿದರೆ ಆ ಹಬ್ಬದ ಪಂಕ್ತಿಯಲ್ಲಿ ಯಾರ‍್ಯಾರು ಕೂರಬೇಕು ಅನ್ನುವುದೂ ಇದೆ. ಮಗ, ಮಗಳು, ಆಳುಕಾಳು, ಪರದೇಶಿ, ತಂದೆತಾಯಿ ಇಲ್ಲದವರು, ಗಂಡ ಇಲ್ಲದವರು, ಎಲ್ಲರೂ ಒಟ್ಟಿಗೆ. ಹೊಸ ಬಟ್ಟೆಯ ಮಾತು ಅಲ್ಲಿಲ್ಲ.

ಇದನ್ನೇ ಈ ರಜೆಯ ಮೊದಲ ಆಟ ಮಾಡಿ. ಮನೆ ಹಿಂದೆಯೋ ಮುಂದೆಯೋ ಒಂದಿಷ್ಟು ಜಾಗ ಇದ್ದರೆ ನಾಲ್ಕು ಗಳ ನೆಟ್ಟು, ತೆಂಗಿನ ಗರಿಯೋ ಜೋಳದ ದಂಟೋ ಹೊದಿಸಿ ಸಣ್ಣ ಚಪ್ಪರ ಹಾಕಿ. ಬಾಡಿಗೆ ಮನೆ, ಜಾಗ ಇಲ್ಲ ಅಂದರೆ ಮಹಡಿಯ ಮೇಲೆ ಹಳೇ ಸೀರೆ ಕಟ್ಟಿದರೂ ಆಯಿತು. ಈ ಕೆಲಸವನ್ನು ಮನೆಯವರು ಊರಿಗೆ ಬಂದ ಭಾನುವಾರಕ್ಕೆ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಬೇರೆಯವರ ಮನೆ ಕಟ್ಟುವ ಅಪ್ಪ ನಮಗೂ ಒಂದು ಮನೆ ಕಟ್ಟಿಕೊಟ್ಟ ಅನ್ನುವುದು ಮಕ್ಕಳಿಗೆ ದೊಡ್ಡವರಾದ ಮೇಲೂ ನೆನಪಿರುತ್ತದೆ. ಸಂಜೆಯ ಪ್ರಾರ್ಥನೆ, ಊಟ ಎಲ್ಲ ಅಲ್ಲೇ. ಖರ್ಚು? ಒಂದು ಉಂಡೆ ಹುರಿ.

ಹಕ್ಕಲು ಅನ್ನುವ ಮಾತು

ನಮ್ಮ ಸೀಮೆಯಲ್ಲಿ ಕಳ್ಳೇಕಾಯಿ ಗಿಡ ಕಿತ್ತ ಮೇಲೆ ಮಣ್ಣಲ್ಲಿ ಉಳಿದ ಕಾಯನ್ನು ಹೆಂಗಸರು, ಮಕ್ಕಳು ಕೆದಕಿ ಆಯುತ್ತಾರೆ. ಹಕ್ಕಲು ಆಯೋದು ಅಂತೀವಲ್ಲ, ಅದೇ. ಕನ್ನಡ ಬೈಬಲ್ಲಿನಲ್ಲಿ ರೂತಳ ಕಥೆ ತೆರೆದು ನೋಡಿ, ಅಲ್ಲಿರುವುದೂ ಇದೇ ಮಾತು. ಗಂಡನನ್ನು ಕಳೆದುಕೊಂಡ ಬೇರೆ ದೇಶದ ಹೆಣ್ಣುಮಗಳು, ಅತ್ತೆಯನ್ನು ಸಾಕಲು ಬೋವಜನ ಹೊಲದಲ್ಲಿ ಹಕ್ಕಲಾಯ್ದಳು. ಬೋವಜ ಏನು ಮಾಡಿದ? ಅವಳನ್ನು ಗದರಿಸಬೇಡಿ, ಬೇಕೆಂದೇ ಒಂದಷ್ಟು ತೆನೆ ಬಿಟ್ಟುಬಿಡಿ ಅಂತ ಆಳುಗಳಿಗೆ ಹೇಳಿಟ್ಟ. ಕೊಡುವವನಿಗೆ ಅಹಂಕಾರವಿಲ್ಲ, ತೆಗೆದುಕೊಳ್ಳುವವಳಿಗೆ ಅವಮಾನವಿಲ್ಲ.

ಈ ಕಥೆ ನಮ್ಮ ಮಕ್ಕಳಿಗೆ ಪುಸ್ತಕದಿಂದ ಓದಿ ಹೇಳಿದರೆ ಅರ್ಧ ತಿಳಿಯುತ್ತದೆ. ಕಳ್ಳೇಕಾಯಿ ಹೊಲದಲ್ಲಿ ಕೂರಿಸಿ ಹೇಳಿದರೆ ಪೂರಾ ತಿಳಿಯುತ್ತದೆ. ಪರಿಚಯದ ರೈತರನ್ನು ಕೇಳಿ, ಬೆಳೆ ಎತ್ತಿದ ಮೇಲೆ ಒಂದು ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಒಂದು ವಿಷಯ ಮಾತ್ರ ನೆನಪಿಡಿ. ಕೂಲಿಯವರು ಹೊಟ್ಟೆಪಾಡಿಗೆ ಆಯುವ ಹೊಲದಲ್ಲಿ ನಾವು ಆಟಕ್ಕೆ ಆಯುವುದು ಬೇಡ. ಅವರದು ಮುಗಿದ ಮೇಲೆ ಹೋಗಿ.

ಪಾವಗಡದ ಕಡೆ ಈಗ ಹಕ್ಕಲು ಆಯಲೂ ಹೊಲ ಕಡಿಮೆ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಿದೆ, 2018ರಲ್ಲಿ ಉದ್ಘಾಟನೆಯಾಯಿತು. ಭೂಮಿ ಇದ್ದವರಿಗೆ ವರ್ಷ ವರ್ಷ ಗುತ್ತಿಗೆ ಹಣ ಬರುತ್ತದೆ. ಆ ಹೊಲಗಳಲ್ಲಿ ಕಳೆ ತೆಗೆದು, ಕಾಯಿ ಬಿಡಿಸಿ ಬದುಕುತ್ತಿದ್ದ ಹೆಂಗಸರಿಗೆ ಕೂಲಿ ಕಡಿಮೆಯಾಯಿತು. ನಿಮ್ಮ ಬೀದಿಯಲ್ಲೇ ಅಂಥವರು ಇರಬಹುದು. ಮನೆಗೆ ಎರಡು ಸೇರು ಕಳ್ಳೇಕಾಯಿ ತಂದ ದಿನ ಒಂದು ಬೊಗಸೆ ಅವರ ಮನೆಗೂ ಹೋಗಲಿ, ಮಗುವಿನ ಕೈಯಲ್ಲೇ ಕಳಿಸಿ. ಬೋವಜನ ಪಾಠ ಅಷ್ಟೇ.

ಇನ್ನು ಕಳ್ಳೇಕಾಯಿ ಮನೆಗೆ ಬಂದ ಮೇಲೆ ಸಂಜೆ ತಾನಾಗಿಯೇ ಹಬ್ಬವಾಗುತ್ತದೆ. ಹಸಿ ಕಾಯನ್ನು ಮಣ್ಣು ಹೋಗುವಂತೆ ಮೂರು ಸಲ ತೊಳೆದು, ಮುಳುಗುವಷ್ಟು ನೀರು, ಕಲ್ಲುಪ್ಪು ಹಾಕಿ ಕುಕ್ಕರಿನಲ್ಲಿ ಮೂರ‍್ನಾಲ್ಕು ವಿಶಲ್ ಕೂಗಿಸಿ. ಎಲ್ಲರೂ ಸುತ್ತ ಕೂತು ಸುಲಿಯುತ್ತಾ ಒಬ್ಬೊಬ್ಬರು ಒಂದೊಂದು ಬೈಬಲ್ ಕಥೆ ಹೇಳಬೇಕು ಅಂತ ಆಟ ಇಡಿ. ಟಿ.ವಿ., ಮೊಬೈಲ್ ತಾನಾಗಿಯೇ ಮೂಲೆ ಸೇರುತ್ತವೆ, ಎರಡೂ ಕೈಗೆ ಕೆಲಸ ಇರುತ್ತದಲ್ಲ! ಒಣ ಬೀಜ ಇದ್ದರೆ ಉಂಡೆ ಮಾಡಿ. ಎರಡು ಬಟ್ಟಲು ಹುರಿದು ಸಿಪ್ಪೆ ತೆಗೆದ ಬೀಜಕ್ಕೆ ಒಂದು ಬಟ್ಟಲು ಪುಡಿಬೆಲ್ಲ, ಒಂದು ಏಲಕ್ಕಿ. ಬೀಜ ಬೆಚ್ಚಗಿರುವಾಗಲೇ ಒಟ್ಟಿಗೆ ಕುಟ್ಟಿದರೆ ಬೀಜದ ಎಣ್ಣೆಯೇ ಹಿಡಿದುಕೊಳ್ಳುತ್ತದೆ. ಪಾಕವೂ ಬೇಡ, ತುಪ್ಪವೂ ಬೇಡ. ಮಳೆಗೆ ಸಿಕ್ಕಿ ಕಪ್ಪಾದ, ಬೂಷ್ಟು ಹಿಡಿದ ಕಾಯಿ ಮಾತ್ರ ಉಳಿತಾಯ ಅಂತ ಸೇರಿಸಬೇಡಿ. ಅದು ಆರೋಗ್ಯಕ್ಕೆ ವಿಷ, ಎಸೆಯಿರಿ.

ಬಸ್ಸು ಸರ್ಕಾರದ್ದು, ಬುತ್ತಿ ಮನೆಯದು

ಮಕ್ಕಳಿಗೆ ಒಂದು ಪ್ರವಾಸವಾದರೂ ಬೇಡವೇ ಅಂತೀರಾ? ಖಂಡಿತ ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಕಾಸಿಲ್ಲ. ಗುರುತಿನ ಚೀಟಿ ಮರೆಯಬೇಡಿ. ಗಂಡುಮಕ್ಕಳಿಗೂ ಮನೆಯವರಿಗೂ ಮಾತ್ರ ಟಿಕೆಟ್ ಖರ್ಚು. ನಮ್ಮ ಕಡೆ ಖಾಸಗಿ ಬಸ್ಸುಗಳೂ ಹೆಚ್ಚು, ಅದರಲ್ಲಿ ಈ ಸೌಲಭ್ಯ ಇಲ್ಲ. ಪಾವಗಡದ ಸುತ್ತ ಆಂಧ್ರದ ಗಡಿ ಇರುವುದರಿಂದ ಹತ್ತುವ ಮೊದಲೇ ಕಂಡಕ್ಟರನ್ನು ಒಂದು ಮಾತು ಕೇಳಿಬಿಡಿ.

ಎಲ್ಲಿಗೆ ಹೋಗೋದು? ಕೈಯಳತೆಯಲ್ಲೇ ಇದೆಯಲ್ಲ! ಮಧುಗಿರಿಯ ಏಕಶಿಲಾ ಬೆಟ್ಟ ನೋಡಲು ದೂರದೂರಿಂದ ಜನ ಬರುತ್ತಾರೆ, ನಾವು ದಿನಾ ಅದರ ನೆರಳಲ್ಲಿ ಓಡಾಡಿಯೂ ಹತ್ತಿರುವುದಿಲ್ಲ. ಬೆಳಿಗ್ಗೆ ಬೇಗ ಹೊರಟು ಕೆಳಗಿನ ಕೋಟೆ ಬಾಗಿಲುಗಳವರೆಗೆ ಹೋಗಿ ಬನ್ನಿ. ಮೇಲಿನ ಭಾಗ ತುಂಬಾ ಕಡಿದು, ಮಳೆ ಬಿದ್ದಾಗ ಜಾರುತ್ತದೆ. ಸಣ್ಣ ಮಕ್ಕಳಿದ್ದರೆ ಸಾಹಸ ಬೇಡ. ಅದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಸುಮಾರು 798 ಎಕರೆಯ ಆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿ ಹೋಗಿ, ಸದ್ದು ಮಾಡದೆ ನೋಡಿ. ಕೀರ್ತನೆಗಳಲ್ಲಿ ನೀರಿಗೆ ಹಂಬಲಿಸುವ ಜಿಂಕೆಯ ಮಾತು ಬರುತ್ತದಲ್ಲ, ಒಣಸೀಮೆಯ ಜಿಂಕೆಯನ್ನು ಕಣ್ಣಾರೆ ಕಂಡ ಮಗುವಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊರಟಗೆರೆಯವರಿಗೆ ಚನ್ನರಾಯನದುರ್ಗ ಇದೆ, ಗೊರವನಹಳ್ಳಿ ಹತ್ತಿರ ತೀತಾ ಜಲಾಶಯ ಇದೆ. ನೀರಿಗಿಳಿಯುವುದು ಬೇಡ, ದಡದಲ್ಲಿ ಕೂತು ಉಂಡು ಬಂದರೆ ಸಾಕು. ಶಿರಾದವರು 1696ರ ಜುಮ್ಮಾ ಮಸೀದಿಯನ್ನೂ ಮಲಿಕ್ ರಿಹಾನ್ ಗೋರಿಯನ್ನೂ ಹೊರಗಿನಿಂದಾದರೂ ತೋರಿಸಿ, ನಮ್ಮೂರು ಒಂದು ಕಾಲಕ್ಕೆ ಸುಬಾದ ರಾಜಧಾನಿಯಾಗಿತ್ತು ಅಂತ ಮಕ್ಕಳಿಗೆ ಹೇಳಿ. ಪಾವಗಡದವರಿಗೆ ಊರ ಮೇಲೇ ಕೋಟೆಬೆಟ್ಟ. ಬುತ್ತಿಗೆ ರಾಗಿ ರೊಟ್ಟಿ, ಕಳ್ಳೇಕಾಯಿ ಚಟ್ನಿ, ಇಲ್ಲವೇ ಚಿತ್ರಾನ್ನ. ದಾರಿಯಲ್ಲಿ ಸೀತಾಫಲ. ಹೋಟೆಲ್ ಖರ್ಚೇ ಇಲ್ಲ.

ಪಕ್ಕದ ಮನೆಯ ದೀಪ

ದಸರಾ, ದೀಪಾವಳಿ ಬಂದಾಗ ಕ್ರೈಸ್ತ ಮನೆಯ ಮಕ್ಕಳಿಗೆ ಒಂಥರಾ ಪೇಚಾಟ. ಎಲ್ಲರ ಮನೆಯಲ್ಲೂ ಹಬ್ಬ, ನಮ್ಮನೇಲಿ ಯಾಕಿಲ್ಲ? ಗದರಿಸಿ ಒಳಗೆ ಕೂರಿಸಬೇಡಿ. ಅವರದು ಈಗ, ನಮ್ಮದು ಡಿಸೆಂಬರ್‌ನಲ್ಲಿ, ಅವರು ಕೊಟ್ಟ ತಟ್ಟೆಗೆ ನಾವೂ ತಿಂಡಿ ತುಂಬಿ ಕಳಿಸ್ತೀವಿ ಅಂತ ಹೇಳಿ. ಪೂಜೆಯ ವಿಷಯದಲ್ಲಿ ನಿಮ್ಮ ಮನೆಯ ನಂಬಿಕೆ ಹೇಗೋ ಹಾಗೆ ನಡೆದುಕೊಳ್ಳಿ. ಗೊಂಬೆ ನೋಡಿ ಬರುವುದಕ್ಕೆ, ಒಳ್ಳೆಯ ಮಾತಾಡಿ ಬರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ಒಂಬತ್ತು ದಿನ ಹೂವು ಆಯ್ದು ಮಾತೆ ಮರಿಯಮ್ಮನಿಗೆ ಅರ್ಪಿಸುತ್ತಾರೆ, ಹೊಸ ಭತ್ತದ ಊಟ ಮಾಡುತ್ತಾರೆ. ಅವರವರ ನೆಲದ ಬೆಳೆ, ಅವರವರ ಹಬ್ಬ. ನಮ್ಮ ನೆಲದ್ದು ರಾಗಿ, ಕಳ್ಳೇಕಾಯಿ.

ಪಟಾಕಿ ಕೇಳಿದರೆ? ‘ಇಷ್ಟೇ ದುಡ್ಡಿದೆ’ ಅಂತ ಮಗುವಿನ ಕೈಗೇ ಲೆಕ್ಕ ಕೊಡಿ. ಐವತ್ತು ರೂಪಾಯಿಯಲ್ಲಿ ಸುರುಸುರುಬತ್ತಿಯೋ, ಬೆಟ್ಟಕ್ಕೆ ಹೋಗೋ ದಿನ ಐಸ್‌ಕ್ರೀಮೋ, ನೀನೇ ಆರಿಸು ಅನ್ನಿ. ಇಲ್ಲ ಅನ್ನುವುದನ್ನು ನಾಚಿಕೆಯಿಂದ ಹೇಳಿದರೆ ಮಗು ಬಡತನವನ್ನು ಕಲಿಯುತ್ತದೆ. ಲೆಕ್ಕ ತೋರಿಸಿ ಹೇಳಿದರೆ ಸಂಸಾರವನ್ನು ಕಲಿಯುತ್ತದೆ.

ಹರಾಜಿನ ತೆಂಗಿನಕಾಯಿ

ಈಗ ಸ್ವಲ್ಪ ಕಷ್ಟದ ಮಾತು. ನಮ್ಮ ಜಿಲ್ಲೆಯ ಗುಬ್ಬಿ, ತುಮಕೂರುಗಳಲ್ಲಿ ವೆಸ್ಲಿಯನ್ ಮಿಷನ್ 19ನೇ ಶತಮಾನದಲ್ಲೇ ಕೆಲಸ ಶುರುಮಾಡಿತ್ತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದಾಗ ಆ ಸಭೆಗಳೂ ಅದರಲ್ಲಿ ಸೇರಿದವು. ಈ ಚರ್ಚ್‌ಗಳಲ್ಲಿ ಸುಗ್ಗಿಯ ಸ್ತೋತ್ರಾರಾಧನೆ ದೊಡ್ಡ ಹಬ್ಬ. ದಿನ ಮಾತ್ರ ಊರಿಂದೂರಿಗೆ ಬೇರೆ. ಜನ ರಾಗಿ, ಕುಂಬಳಕಾಯಿ, ಬಾಳೆಗೊನೆ, ಕೋಳಿ ತಂದು ಅರ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅವನ್ನೇ ಹರಾಜು ಹಾಕುವುದುಂಟು. ನಗು, ತಮಾಷೆ, ಪೈಪೋಟಿ. ಮೂವತ್ತು ರೂಪಾಯಿಯ ತೆಂಗಿನಕಾಯಿ ಸಾವಿರಕ್ಕೆ ಹೋದರೂ ಆಶ್ಚರ್ಯವಿಲ್ಲ.

ಇದ್ದವರು ಕೂಗಲಿ, ಸಭೆಯ ಕೆಲಸಕ್ಕೇ ಹೋಗುವ ಹಣ, ಬೇಡ ಅನ್ನುವವರು ಯಾರು? ಆದರೆ ಪಕ್ಕದವರು ಏನಂದುಕೊಳ್ಳುತ್ತಾರೋ ಅಂತ ಇಲ್ಲದವರು ಕೂಗಿದರೆ ಅದು ಕಾಣಿಕೆಯಲ್ಲ, ಸಾಲ. ಮಾರ್ಕನ ಸುವಾರ್ತೆಯ ಬಡ ವಿಧವೆಯನ್ನು ನೆನೆಯಿರಿ. ಎರಡು ಕಾಸು ಹಾಕಿದ ಅವಳನ್ನೇ ಯೇಸುಸ್ವಾಮಿ ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅಂದರು. ಆ ಎರಡು ಕಾಸು ಅವಳದೇ ಆಗಿತ್ತು, ಬಡ್ಡಿಗೆ ತಂದದ್ದಲ್ಲ.

ತಂಗೀ, ನಿಮ್ಮ ಕಾಣಿಕೆ ಒಂದು ಸೇರು ಕಳ್ಳೇಕಾಯಿ ಆಗಲಿ. ಅದೂ ಆಗದಿದ್ದರೆ ಹಿಂದಿನ ದಿನ ಮಕ್ಕಳ ಜೊತೆ ಹೋಗಿ ಚರ್ಚ್ ಗುಡಿಸಿ, ತೋರಣ ಕಟ್ಟಿ ಬನ್ನಿ. ಮೈಮುರಿದು ಮಾಡಿದ ಕೆಲಸವೂ ಪ್ರಥಮ ಫಲವೇ. ಹರಾಜಿನಲ್ಲಿ ಸುಮ್ಮನೆ ಕೂತು ನಗಲು ಕಲಿಯಿರಿ, ಅದಕ್ಕೆ ಹಣ ಬೇಡ, ಧೈರ್ಯ ಬೇಕು. ಅಯ್ಯನವರಿಗೂ ಸಭೆಯ ಹಿರಿಯರಿಗೂ ನಮ್ಮದೊಂದು ವಿನಂತಿ. ಅತಿ ಹೆಚ್ಚು ಕೂಗಿದವರ ಹೆಸರು ಮೈಕಿನಲ್ಲಿ ಹೇಳುವಾಗ ಚರ್ಚ್ ಗುಡಿಸಿದವರ ಹೆಸರನ್ನೂ ಹೇಳಿ. ಬಂದ ದವಸದಲ್ಲಿ ಒಂದು ಪಾಲು ಹರಾಜಿಗೆ ಹೋಗದೆ ಕಷ್ಟದಲ್ಲಿರುವ ಮನೆಗೆ ಸದ್ದಿಲ್ಲದೆ ಹೋಗಲಿ. ಮಹಿಳಾ ಕೂಟದವರು ಮನಸ್ಸು ಮಾಡಿದರೆ ಇದು ಈ ವರ್ಷವೇ ಆಗುವ ಕೆಲಸ.

ಅಜ್ಜಿಯ ಸಮಾಧಿಗೆ ಚೆಂಡುಹೂವು

ನವೆಂಬರ್ 2 ಕ್ಯಾಥೊಲಿಕರಿಗೆ ಸಕಲ ಮೃತರ ಸ್ಮರಣೆಯ ದಿನ. ಬೇರೆ ಸಭೆಯವರೂ ತಮ್ಮ ತಮ್ಮ ದಿನಗಳಲ್ಲಿ ಸಮಾಧಿ ಶುಚಿ ಮಾಡುತ್ತಾರೆ. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಕಳೆ ಕೀಳಲಿ, ಸುಣ್ಣ ಬಳಿಯಲಿ, ಚೆಂಡುಹೂವು ಇಡಲಿ, ಮೊಂಬತ್ತಿ ಹಚ್ಚಲಿ. ನಿಮ್ಮಜ್ಜಿ ಬರದ ವರ್ಷದಲ್ಲಿ ಏನು ಉಂಡರು, ಹೇಗೆ ಪ್ರಾರ್ಥನೆ ಮಾಡುತ್ತಿದ್ದರು ಅಂತ ಅಲ್ಲೇ ಕೂತು ಹೇಳಿ. ಕಷ್ಟದಲ್ಲೂ ನಕ್ಕು ಬದುಕಿದವರ ಮನೆ ನಮ್ಮದು ಅನ್ನುವುದು ಗೊತ್ತಾದ ಮಗು ಪಕ್ಕದ ಮನೆಯ ಕಾರನ್ನು ನೋಡಿ ಕೊರಗುವುದು ಕಡಿಮೆ.

ಇವತ್ತೇ ಒಂದು ಡಬ್ಬಿ ಇಡಿ

ಕ್ರಿಸ್‌ಮಸ್‌ಗೆ ಸಾಲ ಬೇಡ ಅಂದಮೇಲೆ ದಾರಿಯನ್ನೂ ಹೇಳಬೇಕಲ್ಲ. ಅಕ್ಟೋಬರ್ ಮೊದಲ ಭಾನುವಾರದಿಂದ ಕ್ರಿಸ್‌ಮಸ್‌ವರೆಗೆ ಹನ್ನೆರಡು ಭಾನುವಾರ ಸಿಗುತ್ತವೆ. ವಾರಕ್ಕೆ 100 ರೂಪಾಯಿಯಂತೆ ಡಬ್ಬಿಗೆ ಹಾಕಿದರೆ 1,200. 150 ಹಾಕಲಾದರೆ 1,800. ಈ ಹಣದಲ್ಲಿ ಎಲ್ಲರಿಗೂ ರೇಷ್ಮೆ ಬರುವುದಿಲ್ಲ. ಆದರೆ ಕರ್ಜಿಕಾಯಿ, ಕಜ್ಜಾಯ, ಒಂದು ಕೇಕು, ಮಕ್ಕಳಿಗೊಂದೊಂದು ಅಂಗಿ ಅನ್ನುವಷ್ಟಕ್ಕೆ ಬಹುಪಾಲು ಆಗುತ್ತದೆ. ಕರ್ಜಿಕಾಯಿಯ ಹೂರಣಕ್ಕೆ ಬೇಕಾದ ಕಳ್ಳೇಕಾಯಿ ಬೀಜವನ್ನು ಈಗಲೇ ಒಣಗಿಸಿ ಇಟ್ಟರೆ ಡಿಸೆಂಬರ್ ರೇಟು ಕೊಡಬೇಕಾಗಿಲ್ಲ. ಡಬ್ಬಿಯ ಮೇಲೆ ಮಕ್ಕಳ ಕೈಯಲ್ಲೇ ನಕ್ಷತ್ರ ಬರೆಸಿ. ಪ್ರತಿ ಭಾನುವಾರ ಹಣ ಹಾಕುವ ಕೆಲಸವೂ ಅವರದೇ. ಯಾವ ವಾರ ಹಾಕಲು ಆಗಲಿಲ್ಲವೋ ಆ ವಾರ ಮನಸ್ಸು ಕೆಡಿಸಿಕೊಳ್ಳಬೇಡಿ, ಮುಂದಿನ ವಾರ ಇದೆ.

ನೆನಪಿಗೆ ನಾಲ್ಕು ಮಾತು:

• ಸಡಗರಕ್ಕೆ ಸಾಲ ಇಲ್ಲ. ಗಂಡ ಹೆಂಡತಿ ಇಬ್ಬರೂ ಕೂತು ಒಪ್ಪಿ, ಮಕ್ಕಳಿಗೂ ಹೇಳಿ.
• ರಜೆಯಲ್ಲಿ ಒಂದು ಪ್ರವಾಸ, ಒಂದು ಚಪ್ಪರ, ಒಂದು ಕಳ್ಳೇಕಾಯಿ ಸಂಜೆ. ಮೂರೇ ಸಾಕು.
• ತಂದದ್ದರಲ್ಲಿ ಒಂದು ಬೊಗಸೆ ಬೇರೆಯವರ ಮನೆಗೆ.
• ಹರಾಜಿಗೆ ಮುಂಚೆಯೇ ಮನೆಯಲ್ಲಿ ಮಿತಿ ಹಾಕಿಕೊಳ್ಳಿ. ಮಿತಿ ಸೊನ್ನೆಯಾದರೂ ಅವಮಾನವಿಲ್ಲ.

ತಂಗೀ, ದೇವರ ಮಕ್ಕಳ ಸಂತೋಷಕ್ಕೆ ದುಡ್ಡು ಎಲ್ಲಿಂದ ತರೋದು ಅಂತ ಕೇಳಿದ್ದಿರಿ. ಮಕ್ಕಳಿಗೆ ಬೇಕಾಗಿರುವುದು ಕಂತಿನ ಚಿಂತೆಯಿಲ್ಲದೆ ತಮ್ಮ ಜೊತೆ ಕೂತು ಕಳ್ಳೇಕಾಯಿ ಸುಲಿಯುವ ಅಮ್ಮ. ಈ ವರ್ಷ ಅವರಿಗೆ ಅದನ್ನು ಕೊಡಿ. ಕ್ರಿಸ್‌ಮಸ್ ಕಳೆದ ಮೇಲೆ, ಜನವರಿಯಲ್ಲಿ, ಕಂತಿನ ಚೀಟಿ ಇಲ್ಲದ ಮೊದಲ ವಾರ ಹೇಗಿತ್ತು ಅಂತ ನಮಗೊಂದು ಪತ್ರ ಬರೆಯಿರಿ. ಕಾಯುತ್ತಿರುತ್ತೇವೆ.